ನಾಲ್ಕು ಸಾಲು ಮೇಲಿರುವ ಫಂಕ್ಷನ್ ಕಾಣೆಯಾಗುವುದೇಕೆ?

ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಒಂದೊಂದೇ ತುಣುಕಾಗಿ ಓಡಿಸಿ ನೋಡಿದರೆ ಯಾವ ತೊಂದರೆಯೂ ಇಲ್ಲ. ಅದೇ ಕಡತವನ್ನು ಹೊಸದಾಗಿ ತೆರೆದ ಲಿಸ್ಪ್‌ನಲ್ಲಿ ಕಂಪೈಲ್ ಮಾಡಿದರೆ ಮ್ಯಾಕ್ರೊ, ಅಂದರೆ ಕೋಡನ್ನೇ ಬರೆದುಕೊಡುವ ಕೋಡ್, ಮುಗ್ಗರಿಸುತ್ತದೆ: ಫಂಕ್ಷನ್ ಇಲ್ಲವಂತೆ. ನಾಲ್ಕು ಸಾಲು ಮೇಲೆ ಅದು ಕಣ್ಣಿಗೆ ಹೊಡೆಯುವಂತೆ ಕುಳಿತಿರುತ್ತದೆ!

ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಲಿಸ್ಪ್ ಕೆಲಸ ಶುರುಮಾಡಿದಾಗ ಮ್ಯಾಕ್ರೊ ಇರಲಿಲ್ಲ. 1963ರಲ್ಲಿ ಟಿಮೊತಿ ಹಾರ್ಟ್ ಅದನ್ನು ಮುಂದಿಟ್ಟರು. ಆಗ ಬಳಕೆಯಲ್ಲಿದ್ದ ಫೆಕ್ಸ್‌ಪರ್ ಎಂಬ ವಿಶೇಷ ಫಂಕ್ಷನ್‌ಗಳು ತಮಗೆ ಕೊಟ್ಟ ಆರ್ಗ್ಯುಮೆಂಟ್‌ಗಳನ್ನು ಲೆಕ್ಕಹಾಕದೆ, ಬರೆದಿದ್ದ ಹಾಗೆಯೇ ಪಡೆದು, ಪ್ರೋಗ್ರಾಮ್ ಓಡುವಾಗ ಏನು ಮಾಡಬೇಕೆಂದು ತೀರ್ಮಾನಿಸುತ್ತಿದ್ದವು. ಹೀಗಾದರೆ ಕಂಪೈಲರ್ ಮುಂದಾಗಿ ಏನನ್ನು ತಾನೇ ಅರಿಯಬಲ್ಲದು? 1980ರಲ್ಲಿ ಕೆಂಟ್ ಪಿಟ್‌ಮನ್ ಫೆಕ್ಸ್‌ಪರ್ ಬಿಟ್ಟು ಮ್ಯಾಕ್ರೊ ಹಿಡಿಯಬೇಕೆಂದು ವಾದಿಸಿದ್ದು ಈ ಕಾರಣಕ್ಕೇ. ಮ್ಯಾಕ್ರೊ ಮೊದಲೇ ವಿಸ್ತರಣೆಗೊಳ್ಳುತ್ತದೆ, ಅಂದರೆ ಪ್ರೋಗ್ರಾಮ್ ಓಡುವ ಮುನ್ನವೇ ತನ್ನ ಜಾಗದಲ್ಲಿ ಬೇರೆ ಕೋಡ್ ಬರೆದಿಡುತ್ತದೆ. ಆದರೆ ಅದರಿಂದ ಒಂದೇ ಕಡತಕ್ಕೆ ಎರಡು ಕಾಲಗಳು ಬಂದವು: ವಿಸ್ತರಿಸುವ ಕಾಲ, ಓಡುವ ಕಾಲ.

ತಕರಾರು ಹುಟ್ಟುವುದು ಇಲ್ಲಿ. ಲಿಸ್ಪ್‌ನ ಒಂದು ರೂಪವಾದ ಕಾಮನ್ ಲಿಸ್ಪ್‌ನಲ್ಲಿ ಕಡತ ಕಂಪೈಲ್ ಆಗುವಾಗ ಡೆಫ್‌ಮ್ಯಾಕ್ರೊ (ಮ್ಯಾಕ್ರೊದ ವ್ಯಾಖ್ಯೆ) ತಕ್ಷಣ ನೆನಪಿಗೆ ಸೇರುತ್ತದೆ; ಡೆಫನ್ (ಫಂಕ್ಷನ್ನಿನ ವ್ಯಾಖ್ಯೆ) ಸೇರಬೇಕಿಲ್ಲ, ಅದು ಜೀವ ಪಡೆಯುವುದು ಲೋಡ್ ಆದಾಗ. ಆದ್ದರಿಂದ ಮ್ಯಾಕ್ರೊ ವಿಸ್ತರಣೆಗೊಳ್ಳುವಾಗಲೇ ಕರೆಯುವ ಸಹಾಯಕ ಫಂಕ್ಷನ್ ಆ ಗಳಿಗೆಯಲ್ಲಿ ಇರುವುದೇ ಇಲ್ಲ. ವಿಸ್ತರಣೆಯ ಫಲವಾಗಿ ಬಂದ ಕೋಡ್‌ನಲ್ಲಿ ಮಾತ್ರ ಅದರ ಹೆಸರಿದ್ದರೆ ತೊಂದರೆಯಿಲ್ಲ. ಈ ವ್ಯತ್ಯಾಸ ಹಿಡಿದವರಿಗೆ ಅರ್ಧ ದೋಷಗಳು ತಾವಾಗಿಯೇ ಅರ್ಥವಾಗುತ್ತವೆ. ಆ ಫಂಕ್ಷನ್ನನ್ನು, ಕೋಡ್ ಯಾವ ಕಾಲದಲ್ಲಿ ಓಡಬೇಕೆಂದು ಹೇಳುವ ಇವಾಲ್-ವೆನ್ ಒಳಗಿಡಬೇಕು, ಇಲ್ಲವೇ ಮೊದಲೇ ಲೋಡ್ ಆಗುವ ಬೇರೆ ಕಡತಕ್ಕೆ ಸಾಗಿಸಬೇಕು. ಇವಾಲ್-ವೆನ್‌ನ ಸಂದರ್ಭಗಳು ಮೂರು. ಅವುಗಳ ಹಳೆಯ ಹೆಸರುಗಳನ್ನು 1994ರ ಆನ್ಸಿ (ಅಮೆರಿಕದ ಮಾನಕ ಸಂಸ್ಥೆ) ಮಾನಕ ಬದಲಿಸಿತು. ನನ್ನನ್ನು ಕೇಳಿದರೆ, ಹೊಸ ಹೆಸರುಗಳೂ ಅಷ್ಟೇನೂ ಸುಲಭವಲ್ಲ.

ತಿರುಗುಮುರುಗಾದದ್ದು ಇನ್ನೂ ಕಪಟಿ. ಮ್ಯಾಕ್ರೊ ಬಳಕೆ ಮೇಲೆ, ಅದರ ವ್ಯಾಖ್ಯೆ ಕೆಳಗೆ ಇದ್ದರೆ ಕಂಪೈಲರ್ ಅದನ್ನು ಸಾಮಾನ್ಯ ಫಂಕ್ಷನ್ ಎಂದು ನಂಬಿ, ಒಂದು ಎಚ್ಚರಿಕೆ ಕೊಟ್ಟು ಮುಂದೆ ಸಾಗುತ್ತದೆ. ನಿನ್ನೆಯಿಂದ ತೆರೆದಿಟ್ಟ ಲಿಸ್ಪ್‌ನಲ್ಲಿ ಮ್ಯಾಕ್ರೊ ಆಗಲೇ ಇರುವುದರಿಂದ ಆ ಎಚ್ಚರಿಕೆಯೂ ಬರುವುದಿಲ್ಲ.

ಮ್ಯಾಕ್ರೊಗೆ ಇನ್ನೊಂದು ಸಮಸ್ಯೆಯೂ ಇದೆ: ಅದು ತಂದ ಹೆಸರುಗಳು ಸುತ್ತಲಿನ ಕೋಡ್‌ನ ಹೆಸರುಗಳಿಗೆ ಡಿಕ್ಕಿಯಾಗುವುದು. ಅದಕ್ಕೆ 1986ರಲ್ಲಿ ಕೋಲ್‌ಬೆಕರ್ ಮತ್ತು ಸಂಗಡಿಗರು ಡಿಕ್ಕಿಯನ್ನು ತಾನೇ ತಪ್ಪಿಸುವ ಹೈಜೀನಿಕ್ ವಿಸ್ತರಣೆಯ ದಾರಿ ತೋರಿಸಿದರು. ಲಿಸ್ಪ್ ಕುಟುಂಬದ ಸ್ಕೀಮ್ ಅತ್ತ ನಡೆಯಿತು, ಕಾಮನ್ ಲಿಸ್ಪ್ ಪ್ರತಿ ಸಲ ಹೊಸ ಹೆಸರು ಹುಟ್ಟಿಸುವ ಜೆನ್‌ಸಿಮ್ ನೆಚ್ಚಿಕೊಂಡಿತು. ಕಾಲದ ಗೊಂದಲವನ್ನು ನೇರವಾಗಿ ಎದುರಿಸಿದ್ದು 2002ರ ಮ್ಯಾಥ್ಯೂ ಫ್ಲಾಟ್ ಅವರ ಪ್ರಬಂಧ. ಆ ಹಾದಿಯಲ್ಲಿ ಬೆಳೆದ, ಸ್ಕೀಮ್‌ನ ಸಂತತಿಯಾದ ರ‍್ಯಾಕೆಟ್‌ನಲ್ಲಿ ಯಾವ ಫಂಕ್ಷನ್ ವಿಸ್ತರಿಸುವ ಕಾಲಕ್ಕೆ ಬೇಕೆಂಬುದನ್ನು ಬರೆಯುವವರೇ ಹೇಳಬೇಕು.

ಕಾಮನ್ ಲಿಸ್ಪ್‌ನವರು ಮಾತ್ರ ಲಿಸ್ಪ್ ಮುಚ್ಚಿ ಮತ್ತೆ ತೆರೆದು, ಮ್ಯಾಕ್ರೊವನ್ನು ಒಂದು ಹೆಜ್ಜೆ ವಿಸ್ತರಿಸಿ ತೋರಿಸುವ ಮ್ಯಾಕ್ರೊಎಕ್ಸ್‌ಪ್ಯಾಂಡ್-1 ಹಚ್ಚಿ ನೋಡಬೇಕು. ಅಲ್ಲೇ ದೋಷ ಬಂದರೆ ತಪ್ಪು ವಿಸ್ತರಣೆಯದು. ಅಲ್ಲಿ ಎಲ್ಲ ಸರಿಯಿದ್ದರೆ, ಹೊರಬಂದ ಕೋಡನ್ನು ಓದಬೇಕು.