ತಂತಿ ದಾಟಲಿಲ್ಲ, ಸುದ್ದಿ ದಾಟಿತು

ಮಂಡ್ಯದಲ್ಲಿ ಡಿಪ್ಲೊಮಾ ಓದುವ ನಮ್ಮ ಅಕ್ಕನ ಮಗಳು ಮೊನ್ನೆ ಭಾನುವಾರ ಒಂದು ಸರ್ಕ್ಯೂಟ್ ಬೋರ್ಡ್ ಹಿಡಿದುಕೊಂಡು ಬಂದಳು. ಒಂದೇ ಕಡೆ ತಾಮ್ರ ಇರುವ ಅಗ್ಗದ ಬೋರ್ಡು. ಅದರ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು ಫೆರಿಕ್ ಕ್ಲೋರೈಡ್ ನೀರಿನಲ್ಲಿ ಅದ್ದಿದರೆ ಗೆರೆಯ ಕೆಳಗಿನ ತಾಮ್ರ ಮಾತ್ರ ಉಳಿದು ಮಿಕ್ಕಿದ್ದೆಲ್ಲ ಕರಗಿಹೋಗುತ್ತದೆ. ಎಲ್ಲ ಸರಿ ಬಂದಿತ್ತು, ಎರಡು ಗೆರೆ ಬಿಟ್ಟು. "ಮಾವ, ಇವೆರಡು ಎಲ್ಲಿಂದ ಸುತ್ತಿಸಿದ್ರೂ ಅಡ್ಡ ಬರ್ತಾವೆ" ಎಂದಳು. ಅಳಿಸಿ ಅಳಿಸಿ ಆ ಮೂಲೆಯೆಲ್ಲ ಮಸಿಯಾಗಿತ್ತು.

ರಿಪೇರಿ ಅಂಗಡಿಯಲ್ಲಿ ಕೇಳಿದರೆ ಜಂಪರ್ ಹಾಕಿ ಅನ್ನುತ್ತಾರೆ. ಹಳೇ ರೇಡಿಯೊ ಬಿಚ್ಚಿದಾಗ ಸೇತುವೆ ಥರ ಕೂತಿರುತ್ತವಲ್ಲ, ಆ ತಂತಿ ತುಂಡುಗಳು. ಆದರೆ ಅವಳಿಗೆ ಜಂಪರ್ ಇಲ್ಲದೆ ಆಗಬೇಕಿತ್ತು.

ಇದರ ಹಿಂದೆ ಒಂದು ಹಳೇ ಒಗಟಿದೆ. ಮೂರು ಮನೆ, ಪ್ರತಿ ಮನೆಗೂ ನೀರು, ಗ್ಯಾಸು, ಕರೆಂಟು ಮೂರೂ ಬೇಕು, ಯಾವ ಗೆರೆಯೂ ಇನ್ನೊಂದನ್ನು ದಾಟಬಾರದು. ಇಂಗ್ಲೆಂಡಿನ ಒಗಟುಗಾರ ಹೆನ್ರಿ ಡ್ಯೂಡ್ನಿ 1917ರ ತಮ್ಮ ಪುಸ್ತಕದಲ್ಲಿ ಇದನ್ನು ಸೇರಿಸಿದ್ದರು. ಎಷ್ಟು ಹೊತ್ತು ಕೂತರೂ ಆಗುವುದಿಲ್ಲ. ಯಾಕೆ ಅಂದ್ರೆ, 6 ಚುಕ್ಕಿ, 9 ಗೆರೆ ದಾಟದೆ ಕೂತರೆ ಆಯ್ಲರ್ ಸೂತ್ರದ (ಚುಕ್ಕಿ − ಗೆರೆ + ತುಂಡು = 2) ಪ್ರಕಾರ ಹಾಳೆ 5 ತುಂಡಾಗಬೇಕು, ಹೊರಗಿನ ಬಯಲೂ ಸೇರಿ. ಮನೆಯಿಂದ ಮನೆಗೆ ನೇರ ಗೆರೆ ಇಲ್ಲವಾದ್ದರಿಂದ ಒಂದೊಂದು ತುಂಡಿನ ಸುತ್ತ ಕಡಿಮೆ ಅಂದರೂ 4 ಗೆರೆ ಬೇಕು. ಅಂದರೆ 20 ಅಂಚು. ಒಂದು ಗೆರೆಗೆ ಎರಡೇ ಮಗ್ಗುಲು, ಇರೋದು 18!

ಬೋರ್ಡಿನ ವಿಷಯ ಮಾತ್ರ ಬೇರೆ, ಮತ್ತು ನನಗೆ ತುಂಬಾ ಇಷ್ಟವಾಗುವುದು ಇದೇ ಜಾಗ. ನೀರಿಗಾದರೆ ನೀರೇ ಹರಿದು ಹೋಗಬೇಕು. ಡಿಜಿಟಲ್ ತಂತಿಯಲ್ಲಿ ಆಚೆ ಮುಟ್ಟಬೇಕಾದದ್ದು 0 ಅಥವಾ 1 ಅನ್ನುವ ಸುದ್ದಿ ಅಷ್ಟೇ, ಅಲ್ವಾ? ಅದಕ್ಕೆ ಮೂರು ಎಕ್ಸಾರ್ ಗೇಟ್ ಸಾಕು. ಗೇಟ್ ಅಂದರೆ 0, 1 ತೆಗೆದುಕೊಂಡು ಒಂದು ಉತ್ತರ ಕೊಡುವ ಪುಟ್ಟ ಸರ್ಕ್ಯೂಟ್. ಎಕ್ಸಾರ್ ಅಂದರೆ, ಎರಡು ಇನ್‌ಪುಟ್ ಬೇರೆ ಬೇರೆ ಇದ್ದರೆ 1, ಒಂದೇ ಆಗಿದ್ದರೆ 0.

ಮೇಲಿನ ತಂತಿ ಎ, ಕೆಳಗಿನದು ಬಿ ಅನ್ನೋಣ. ಎರಡರಿಂದಲೂ ಒಂದೊಂದು ಕವಲು ತೆಗೆದು ನಡುವಿನ ಗೇಟಿಗೆ ಕೊಡಿ. ಅದರ ಉತ್ತರವನ್ನು ಎರಡಾಗಿ ಸೀಳಿ, ಒಂದನ್ನು ಮೇಲೆ ಎ ಜೊತೆ, ಇನ್ನೊಂದನ್ನು ಕೆಳಗೆ ಬಿ ಜೊತೆ ಮತ್ತೆ ಎಕ್ಸಾರ್ ಮಾಡಿ. ಎ 1, ಬಿ 0 ಇದ್ದರೆ ನಡುವೆ 1 ಬರುತ್ತದೆ. ಮೇಲಿನ ಗೇಟಿಗೆ 1 ಮತ್ತು 1, ಉತ್ತರ 0, ಅದು ಬಿ. ಕೆಳಗಿನದಕ್ಕೆ 0 ಮತ್ತು 1, ಉತ್ತರ 1, ಅದು ಎ. ಅದಲು ಬದಲಾಯಿತು, ಒಂದು ಗೆರೆಯೂ ಅಡ್ಡ ಬರಲಿಲ್ಲ.

ಗೇಟುಗಳಿಗೆ ಕರೆಂಟ್ ಕೊಡುವ ಗೆರೆಗಳನ್ನು ಈ ಉಪಾಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಿಜವಾದ ಬೋರ್ಡಿನಲ್ಲಿ ಅವೂ ಬೇಕು. ಹಾಗಾಗಿ ಪ್ರಾಜೆಕ್ಟಿಗೆ ಅವಳು ಜಂಪರನ್ನೇ ಬೆಸುಗೆ ಹಾಕಿದಳು. ಆದರೆ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಎ, ಬಿ ಎರಡರ ನಾಲ್ಕೂ ಜೋಡಿ (00, 01, 10, 11) ಬರೆದು ತಾಳೆ ನೋಡಿದಳು, ನಾಲ್ಕೂ ಸರಿ. "ಬರೀ ನ್ಯಾಂಡ್ ಗೇಟಲ್ಲೂ ಆಗುತ್ತಾ ಮಾವ?" ಅಂದಳು. ನ್ಯಾಂಡ್ ಅಂದರೆ, ಎರಡೂ ಇನ್‌ಪುಟ್ 1 ಇದ್ದರೆ ಮಾತ್ರ 0, ಇಲ್ಲದಿದ್ದರೆ 1. ಆಗುತ್ತದೆ, ಒಂದು ಎಕ್ಸಾರ್‌ಗೆ 4 ನ್ಯಾಂಡ್, ಅವನ್ನೂ ಗೆರೆ ದಾಟದೆ ಜೋಡಿಸಬಹುದು, ಒಟ್ಟು 12. ಈಗ ಅದನ್ನೇ ಬರೆಯುತ್ತಾ ಕೂತಿದ್ದಾಳೆ.