ಡೇಟಮ್ ಆರ್ಡರ್ ಅಂದ್ರ ಏನು: ಎ, ಬಿ, ಸಿ ಒಳಗ ಯಾವುದು ಮೊದಲು

ಡ್ರಾಯಿಂಗ್‌ನ್ಯಾಗ ತೂತಿನ ಬಾಜೂಕ ಮನಿ ಮನಿ ಮಾಡಿದ ಒಂದು ಉದ್ದನ ಡಬ್ಬಿ ಇರ್ತೈತಲ್ರಿ, ಮೊದಲನೇ ಮನ್ಯಾಗ ಪೊಸಿಶನ್ ಗುರ್ತು, ಎರಡನೇದ್ರಾಗ ಡಯಾ 0.1 (ತೂತಿನ ಸೆಂಟರ್ 0.1 ಎಂಎಂ ಡಯಾದ ವೃತ್ತದೊಳಗ ಇರಬೇಕು ಅಂತ), ಆಮ್ಯಾಲ ಎ, ಬಿ, ಸಿ ಅಂತ ಮೂರು ಅಕ್ಷರ. ಈ ಅಕ್ಷರ ಯಾವ ಸಾಲಿನ್ಯಾಗ ನಿಂತಾವು ಅನ್ನೋದಕ್ಕ ಡೇಟಮ್ ಆರ್ಡರ್ ಅಂತಾರ. ಬೆಳಗಾವಿ ಉದ್ಯಮಬಾಗದಾಗ ಕೆಲಸ ಮಾಡೋ ಭಾಳ ಹುಡುಗ್ರು ಇದನ್ನ ಬರೇ ಹೆಸರು ಅನಕೊಂಡು ಬಿಡ್ತಾರ, ಎ ಅಂದ್ರ ಒಂದು ಬಾಜು, ಬಿ ಅಂದ್ರ ಇನ್ನೊಂದು ಬಾಜು, ಮೂರೂ ಹಿಡದು ಅಳದ್ರ ಮುಗೀತು ಅಂತ. ನಾನೂ ಹಂಗ ಅನಕೊಂಡಿದ್ದೆ, 40 ಪೀಸಿನ ಒಂದು ಲಾಟ್ ವಾಪಸ್ ಬಂದ ಮ್ಯಾಲೆನ ಗೊತ್ತಾಗಿದ್ದು. ಅದನ್ನ ಆಮ್ಯಾಲ ಹೇಳ್ತೀನಿ.

ಡೇಟಮ್ ಅನ್ನೋದು ಲ್ಯಾಟಿನ್ ಪದ, "ಕೊಟ್ಟದ್ದು" ಅಂತ ಅರ್ಥ. ದಿನಾ ನಾವು ಅನ್ನೋ ಡೇಟಾ ಇದರದ್ದ ಬಹುವಚನ. ಅಳತಿ ಇಲ್ಲಿಂದ ತೊಗೋ ಅಂತ ಡಿಸೈನರ್ ಕೊಟ್ಟ ಜಾಗಾ ಅದು. ಆದ್ರ ಜಾಬಿನ (ನಾವು ಮಾಡೋ ಪೀಸಿನ) ಮ್ಯಾಲೆ ಕೈಗೆ ಸಿಗೋ ಫೇಸಿಗೆ ಡೇಟಮ್ ಅನ್ನೋದಿಲ್ಲ, ಅದಕ್ಕ ಡೇಟಮ್ ಫೀಚರ್ ಅಂತಾರ, ಯಾಕಂದ್ರ ಅದು ಎಷ್ಟ ಛಲೋ ಮಿಲ್ಲಿಂಗ್ ಮಾಡಿದ್ರೂ ಎಲ್ಲೋ ಒಂಚೂರು ಉಬ್ಬಿರ್ತೈತಿ, ಒಂಚೂರು ತಗ್ಗಿರ್ತೈತಿ. ಡೇಟಮ್ ಅಂದ್ರ ತಪ್ಪ ಇಲ್ಲದ ಸಮತಲ, ಕಣ್ಣಿಗೆ ಕಾಣೋದಲ್ಲ. ಅದರ ಬದ್ಲಿಗೆ ನಾವು ಗ್ರಾನೈಟ್ ಸರ್ಫೇಸ್ ಪ್ಲೇಟು, ಆ್ಯಂಗಲ್ ಪ್ಲೇಟು ಇಟ್ಟು ಕೆಲಸ ನಡಸ್ತೀವಿ.

ಈಗ ಒಂದು ಸೊಟ್ಟ ಆದ ತಗಡಿನ ಟ್ರಂಕು ತೊಗೊಂಡು ಖೋಲಿ ಮೂಲ್ಯಾಗ ಇಡ್ರಿ. ನೆಲ, ಎರಡೂ ಗ್ವಾಡಿ ಪಕ್ಕಾ ಗುಣ್ಯಾದಾಗ ಅದಾವ ಅಂತ ಹಿಡೀರಿ, ಸೊಟ್ಟ ಇರೋದು ಟ್ರಂಕು ಅಷ್ಟ. ಮೊದಲ ನೆಲದ ಮ್ಯಾಲೆ ಕೂಡಸ್ತೀರಿ, ಕಡಿಮಿ ಅಂದ್ರ ಮೂರು ಕಡೆ ತಾಗಿ ಕುಂದ್ರತೈತಿ, ಮೂರು ಕಲ್ಲಿನ ಒಲಿ ಮ್ಯಾಲೆ ಗಡಿಗಿ ಕುಂತಂಗ. ಇನ್ನ ಅದು ಮ್ಯಾಲೆ ಕೆಳಗ ಹೋಗಂಗಿಲ್ಲ, ಹಿಂದ ಮುಂದ ವಾಲಂಗಿಲ್ಲ, ಎಡಕ ಬಲಕ ವಾಲಂಗಿಲ್ಲ. ಮೂರು ಚಲನಾ ಹೋದ್ವು. ಆಮ್ಯಾಲ ಉದ್ದನ ಗ್ವಾಡಿಗೆ ಸರಸ್ತೀರಿ, ಎರಡು ಕಡೆ ತಾಗತೈತಿ, ಆ ದಿಕ್ಕಿಗೆ ಸರಿಯೋದೂ ಬಂದ್ ಆತು, ನಿಂತಲ್ಲೇ ತಿರಗೋದೂ ಬಂದ್ ಆತು. ಉಳದ ಗ್ವಾಡಿಗೆ ನೂಕಿದ್ರ ಒಂದ ಕಡೆ ತಾಗತೈತಿ, ಕೊನೀ ಸರಿಯೋದು ಬಂದ್. ಯಾವುದ ವಸ್ತುವಿಗೂ ಇರೋದು ಆರ ಚಲನಾ, ಮೂರು ಸರಿಯೋದು, ಮೂರು ತಿರಗೋದು. 3, 2, 1 ಅಂತ ಆರೂ ಮುಗದ್ವು.

ಇಲ್ಲಿ ನೋಡ್ರಿ, ಸೊಟ್ಟ ಟ್ರಂಕನ್ನ ಮೊದಲ ಉದ್ದನ ಗ್ವಾಡಿಗೆ ಒತ್ತಿದ್ರ ಅದು ನಿಲ್ಲೋ ರೀತಿನ ಬ್ಯಾರೆ, ಮೊದಲ ಗಿಡ್ಡ ಗ್ವಾಡಿಗೆ ಒತ್ತಿದ್ರ ನಿಲ್ಲೋ ರೀತಿನ ಬ್ಯಾರೆ. ಟ್ರಂಕು ಅದ, ಗ್ವಾಡಿ ಅದ. ಡಬ್ಬ್ಯಾಗ ಮೊದಲ ಬರೋ ಅಕ್ಷರಕ್ಕ ಮೂರು ಕಡೆ ತಾಗೋ ಹಕ್ಕು, ಎರಡನೇದಕ್ಕ ಎರಡು, ಮೂರನೇದಕ್ಕ ಉಳದ ಒಂದು. ಪ್ರೈಮರಿ, ಸೆಕೆಂಡರಿ, ಟರ್ಶರಿ ಅಂತಾರಲ್ಲ, ಇದ ಅದು. ಅಕ್ಷರಮಾಲಿ ಕ್ರಮಕ್ಕ ಇಲ್ಲಿ ಏನೂ ಬೆಲಿ ಇಲ್ಲ. ಡಬ್ಬ್ಯಾಗ ಬಿ, ಎ, ಸಿ ಅಂತ ಬರದಿದ್ರ ಬಿ ನ ಪ್ರೈಮರಿ, ಎಡದಿಂದ ಬಲಕ್ಕ ಓದೋದು ಅಷ್ಟ.

ಆ ಲಾಟಿನ ಕಥಿ ಈಗ. ಪ್ಲೇಟು 100 ಎಂಎಂ ಉದ್ದ, 60 ಅಗಲ, 20 ದಪ್ಪ. ತಳ ಎ, 100ರ ಬಾಜು ಬಿ, 60ರ ಬಾಜು ಸಿ. ತೂತು ಸಿ ಇಂದ 80, ಬಿ ಇಂದ 40, ಪೊಸಿಶನ್ ಡಯಾ 0.1, ಆರ್ಡರ್ ಎ, ಬಿ, ಸಿ. ಪ್ಲೇಟಿನ ಬಿ ಸಿ ಮೂಲಿ ಪಕ್ಕಾ 90 ಇರಲಿಲ್ಲ, ಒಂಚೂರು ಅಗಲ ತೆಗದಿತ್ತು, 100 ಎಂಎಂಗೆ 0.1 ಎಂಎಂ. ಅಂದ್ರ ಆ ಮೂಲಿಯಿಂದ ಸಿ ಬಾಜೂನ 60ರ ಇನ್ನೊಂದು ತುದಿಗೆ ಹೋಗೂದ್ರಾಗ ಅದು ಹೊರಗ 0.06 ವಾಲಿತ್ತು. ನಮ್ಮ ಆಪರೇಟರ್ ಬಿ ಬಾಜುವನ್ನ ವೈಸಿನ ಫಿಕ್ಸ್ ದವಡಿಗೆ ಒತ್ತಿ ಹಿಡದು, ಸಿ ಮ್ಯಾಲೆ ಎಡ್ಜ್ ಫೈಂಡರನ್ನ (ಅಂಚು ಎಲ್ಲೈತಿ ಅಂತ ತೋರಸೋ ಸಾಧನ) ಬಿ ಮೂಲಿ ಹತ್ರ ತಾಗಿಸಿ ಝೀರೋ ತೊಗೊಂಡಿದ್ದ. ತೂತು ಆ ಮೂಲಿಯಿಂದ ಸರಿಯಾಗಿ 80, 40 ಬಿತ್ತು.

ಇನ್ಸ್‌ಪೆಕ್ಷನ್ ನಂದು. ನಾನು ಏನ್ ಮಾಡಿದ್ದೆ ಅಂದ್ರ, ನಮ್ಮ ಚೆಕಿಂಗ್ ಫಿಕ್ಸ್ಚರ್‌ನ್ಯಾಗ ಎರಡು ಪಿನ್ ಸಿ ಬಾಜೂಕ, ಒಂದು ಪಿನ್ ಬಿ ಬಾಜೂಕ ಇದ್ವು, ಕ್ಲ್ಯಾಂಪ್ ಹಾಕಾಕ ಹಂಗ ಸಸಾರ ಆಗತಿತ್ತು ಅಂತ ಯಾರೋ ಮಾಡಿಟ್ಟಿದ್ರು, ನಾನು ಕೇಳದ ಬಳಸಿದೆ. ಸಿ ಮೊದಲ ಒತ್ತಿದ್ರ ಪ್ಲೇಟು ಆ 0.1ರಷ್ಟು ತಿರಗಿ, ಬಿ ಬಾಜು ತುದಿಯೊಳಗ ಒಂದ ಕಡೆ ತಾಗತೈತಿ. ಹಂಗ ನಿಂತಾಗ ತೂತು ಅಳದ್ರ 80.04, 40.02. ಸರಿದಿದ್ದು ಒಟ್ಟ ಸುಮಾರು 0.045, ಡಯಾ ಲೆಕ್ಕಕ್ಕ ಅದನ್ನ ಡಬಲ್ ಮಾಡಬೇಕು, 0.09. ಪಾಸ್. ಗಿರಾಕಿ ಕಡೆ ಸಿಎಮ್‌ಎಂದಾಗ (ಪಾಯಿಂಟ್ ಮುಟ್ಟಿಸಿ ಅಳಿಯೋ ಮಶೀನ್) ಡ್ರಾಯಿಂಗ್ ಹೇಳಿದಂಗ ಎ ಆದ ಮ್ಯಾಲೆ ಸಿ ಕಿಂತ ಬಿ ಮೊದಲ ಹಿಡದ್ರು. ಆಗ ಬಿ ಪೂರಾ ತಾಗಿ ಕುಂತು, ಸಿ ಬಾಜು ತನ್ನ ವಾಲಿದ ತುದಿಯಿಂದ ಅಷ್ಟ ತಾಗತೈತಿ, ಪ್ಲೇಟು ಅಷ್ಟ ಆಚೆ ನಿಲ್ಲತೈತಿ. ಅಳದ್ರ 80.06, 40.00. ಡಬಲ್ ಮಾಡಿದ್ರ 0.12. ರಿಜೆಕ್ಟ್. ಅದ ಪ್ಲೇಟು, ಅದ ತೂತು. ನಾನು ಫೋನಿನ್ಯಾಗ ಅವ್ರ ಮಶೀನ್ ಕ್ಯಾಲಿಬ್ರೇಶನ್ ತಪ್ಪೈತಿ ಅಂತ ವಾದ ಮಾಡಿದ್ದೆ, ತಪ್ಪಿದ್ದು ನನ್ನ ಕಡೆ. ಆಪರೇಟರ್ ಝೀರೋನೂ ಸಿ ಬಾಜೂನ ಮುಂದ ಚಾಚಿದ ತುದಿಯಿಂದ ಬರಬೇಕಿತ್ತು, ಮೂಲಿಯಿಂದ ಅಲ್ಲ, ಯಾಕಂದ್ರ ಟರ್ಶರಿ ಗ್ವಾಡಿ ಮೊದಲ ಮುಟ್ಟೋದು ಆ ತುದಿನ್ನ.

ಹಂಗಾರ ಡಿಸೈನರ್ ಸಿ ಕಿಂತ ಬಿ ನ ಯಾಕ ಮುಂದ ಇಟ್ಟ ಅಂತ ಕೇಳಬೇಕು, ಅದರ ಉತ್ತರ ಅಸೆಂಬ್ಲಿಯೊಳಗ ಸಿಗತೈತಿ. ಆ ಪ್ಲೇಟು ಮಶೀನಿಗೆ ಕುಂದ್ರುವಾಗ ಉದ್ದನ ಬಾಜು ಒಂದು ರೇಲಿಗೆ ಒತ್ತಿ ಬೋಲ್ಟ್ ಆಗತಿತ್ತು, ಗಿಡ್ಡ ಬಾಜು ಬರೇ ಸ್ಟಾಪರಿಗೆ ತಾಗತಿತ್ತು. ಅಲ್ಲಿ ಹೆಂಗ ಕುಂದ್ರತೈತೋ ಹಂಗ ಅಳೀರಿ ಅನ್ನೋದ ಆ ಸಾಲು.

ದುಂಡಗಿನ ಜಾಬಿನ್ಯಾಗ ಲೆಕ್ಕ ಬದಲಾಗತೈತಿ. ತೆಳ್ಳನ ಫ್ಲ್ಯಾಂಜ್ ಇದ್ರ ಅಗಲ ಫೇಸ್ ಪ್ರೈಮರಿ ಇರ್ತೈತಿ, ಬೋಲ್ಟ್ ಬಿಗದ ಕೂಡಲೇ ಫೇಸ್ ಫೇಸಿಗೆ ಕುಂದ್ರತೈತಿ, ಮೂರು ಚಲನಾ ಅದ ಹಿಡೀತೈತಿ, ಗಿಡ್ಡ ಬೋರ್ (ನಡುವಿನ ತೂತು) ಸೆಂಟರ್ ಹಿಡಿಯಾಕ ಅಷ್ಟ, ಎರಡು. ಉದ್ದನ ಬುಶ್ (ಕೊಳವಿಯಂಥ ಜಾಬು) ಇದ್ರ ಬೋರ್ ಪ್ರೈಮರಿ, ಮ್ಯಾಂಡ್ರಿಲ್ (ಬೋರಿನೊಳಗ ತೂರಸೋ ದುಂಡನ ರಾಡು) ಮ್ಯಾಲೆ ಏರಿಸಿದ್ರ ಒಂದ ಬೋರ್ ನಾಕು ಚಲನಾ ಹಿಡೀತೈತಿ, ಫೇಸಿಗೆ ಉಳಿಯೋದು ಒಂದು. ಎರಡರಾಗೂ ತನ್ನ ಸುತ್ತ ತಿರಗೋದು ಒಂದು ಉಳೀತೈತಿ, ಕೀವೇ (ಕೀ ಕುಂದ್ರೋ ಗಾಡಿ) ಇಲ್ಲಾ ಡಾವೆಲ್ (ಜಾಗಾ ಹಿಡಿಯೋ ಪಿನ್) ತೂತು ಟರ್ಶರಿ ಆಗಿ ಬರೋದು ಅದಕ್ಕ. ಗಿಡ್ಡ ಬೋರಿಗೆ ಪ್ರೈಮರಿ ಕೊಟ್ಟ ಡ್ರಾಯಿಂಗ್ ಕಂಡ್ರ ನಾನು ಡಿಸೈನರಿಗೆ ಫೋನ್ ಮಾಡಿ ಕೇಳತೀನಿ, 8 ಎಂಎಂ ಉದ್ದದ ಬೋರಿನ ಗೋಡಿ ಮ್ಯಾಲೆ 200 ಎಂಎಂ ಫ್ಲ್ಯಾಂಜಿನ ದಿಕ್ಕು ನಿಲ್ಲಸೋದು ಆಗೋ ಮಾತಲ್ಲ.

ಸಿಎಮ್‌ಎಂ ಇದ್ದೋರಿಗೆ ಒಂದು ಮಾತು, ಮೂರು ಪಾಯಿಂಟ್ ಮುಟ್ಟಿಸಿ ಪ್ರೈಮರಿ ಆತು ಅನ್ನಬ್ಯಾಡ್ರಿ. ಮೂರು ಕಡೆ ತಾಗೋದು ಅಂದ್ರ ಎಲ್ಲಕ್ಕಿಂತ ಎತ್ತರದ ಮೂರು ಜಾಗಾ, ನೀವು ಕೈಗೆ ಸಿಕ್ಕಲ್ಲಿ ಮುಟ್ಟಿದ್ದಲ್ಲ. ಕಾಸ್ಟಿಂಗ್ ಫೇಸಿದ್ರಂತೂ ಇನ್ನೂ ಜಾಸ್ತಿ ಪಾಯಿಂಟ್ ಬೇಕು. ಅಮೆರಿಕಾದ ಸ್ಟ್ಯಾಂಡರ್ಡ್ ಎಎಸ್‌ಎಂಇ ವೈ14.5 ಇರ್ಲಿ, ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್‌ಒ 5459 ಇರ್ಲಿ, ಸಾಲಿನ ಅರ್ಥ ಎರಡರಾಗೂ ಒಂದ.

ಕೊನೀಗೆ ಹೈಫನ್. ಒಂದ ಮನ್ಯಾಗ ಎ-ಬಿ ಅಂತ ಇದ್ರ ಅಲ್ಲಿ ಮೊದಲು ಎರಡನೇದು ಇಲ್ಲ, ಎರಡೂ ಸಮ. ಶಾಫ್ಟಿನ ಎರಡೂ ಬೇರಿಂಗ್ ಕುಂದ್ರೋ ಜರ್ನಲ್ಲಿಗೆ ಹಿಂಗ ಬರೀತಾರ, ಯಾಕಂದ್ರ ಶಾಫ್ಟ್ ಎರಡರ ಮ್ಯಾಲೂ ಒಮ್ಮೆಲೇ ತಿರಗತೈತಿ, ಎರಡೂ ವಿ ಬ್ಲಾಕಿನ್ಯಾಗ ಕೂಡೇ ಇಟ್ಟ ಡಯಲ್ ಗೇಜ್ ಹಚ್ಚಬೇಕು. ಅದನ್ನ ಎ ಒಂದರಾಗ ಹಿಡದು ಅಳದ್ರ ಇನ್ನೊಂದು ತುದಿಯೊಳಗ ಡಯಲ್ ಬ್ಯಾರೇನ ಓದತೈತಿ.