ಕಷ್ಟ ಕೊಡುವುದು ಕೊನೆಯ ಒಂದು ಮೀಟರ್ ಫೈಬರ್

ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿರುವ ರಾಷ್ಟ್ರೀಯ ಮಾಪನ ಸಂಸ್ಥೆ ಪಿಟಿಬಿಯಿಂದ ಮ್ಯೂನಿಕ್ ಬಳಿಯ ಗಾರ್ಶಿಂಗ್‌ವರೆಗೆ 920 ಕಿ.ಮೀ. ಫೈಬರ್ ಮೂಲಕ ಲೇಸರ್ ಫ್ರೀಕ್ವೆನ್ಸಿಯನ್ನು 10⁻¹⁸ಕ್ಕಿಂತ ಕಡಿಮೆ ದೋಷದಲ್ಲಿ ತಲುಪಿಸಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ದೂರದೂರದ ಪರಮಾಣು ಗಡಿಯಾರಗಳನ್ನು ಹೋಲಿಸಲು ಇಂಥ ಲಿಂಕ್ ಕಟ್ಟುವವರು ದೂರಕ್ಕೆ ಹೆದರುತ್ತಾರೆ. ಆದರೆ ಅಳತೆ ಕೆಡುವುದು ಹೆಚ್ಚಾಗಿ ಕೋಣೆಯೊಳಗೆ.

1542 ನ್ಯಾನೊಮೀಟರ್ ಬೆಳಕಿನ ಒಂದು ಪಾಲನ್ನು ಆಚೆ ತುದಿಯ ಫ್ಯಾರಡೆ ಕನ್ನಡಿ (ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸಿ ಪ್ರತಿಫಲಿಸುವ ಕನ್ನಡಿ) ವಾಪಸ್ ಕಳಿಸುತ್ತದೆ. ಮೂಲ ಬೆಳಕಿನೊಂದಿಗೆ ಅದರ ಬೀಟ್ (ಎರಡರ ಫ್ರೀಕ್ವೆನ್ಸಿ ವ್ಯತ್ಯಾಸದ ಸಿಗ್ನಲ್) ನೋಡಿದರೆ ಹೋಗಿಬರುವ ದಾರಿಯ ನಾಯ್ಸ್, ಎಂದರೆ ತಾಪ, ಕಂಪನಗಳಿಂದ ಫೈಬರ್ ಸೇರಿಸುವ ಏರಿಳಿತ, ಸಿಗುತ್ತದೆ. ಅದರ ಅರ್ಧವನ್ನು ಅಕೌಸ್ಟೊ-ಆಪ್ಟಿಕ್ ಮಾಡ್ಯುಲೇಟರ್ (ಶಬ್ದತರಂಗದಿಂದ ಬೆಳಕಿನ ಫ್ರೀಕ್ವೆನ್ಸಿ ಸರಿಸುವ ಸಾಧನ) ಮುಂಚೆಯೇ ಕಳೆದು ಕಳಿಸುತ್ತದೆ. ಹೋಗುವುದೂ ಬರುವುದೂ ಒಂದೇ ಎಳೆಯಲ್ಲಿ ಆಗಬೇಕು. ಹಾಗಾಗಿ ಐಸೊಲೇಟರ್ (ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ಟೆಲಿಕಾಂ ಆಂಪ್ಲಿಫೈಯರ್ ಇಲ್ಲಿ ನಡೆಯದು, ಎರಡೂ ದಿಕ್ಕಿನದು ಬೇಕು. ಅದರ ಗೇನ್ (ವರ್ಧನೆ) ಸುಮಾರು 20 ಡೆಸಿಬೆಲ್ ದಾಟಿಸಿದರೆ ಗಾಜಿನೊಳಗೆ ಬೆಳಕು ಹಿಂದಕ್ಕೆ ಚದುರುವ ರೇಲೀ ಚದುರಿಕೆಯಿಂದ ಆಂಪ್ಲಿಫೈಯರೇ ಲೇಸರ್ ಆಗಿಬಿಡುವ ಅಪಾಯವಿದೆ. ಆಚೆ ತುದಿಯಲ್ಲೂ ಒಂದು ಮಾಡ್ಯುಲೇಟರ್ ಇಟ್ಟು ಫ್ರೀಕ್ವೆನ್ಸಿ ಸರಿಸಿದರೆ ಮಾತ್ರ ಕನ್ನಡಿಯಿಂದ ಬಂದ ಬೆಳಕು ದಾರಿಯ ಕನೆಕ್ಟರ್‌ಗಳ ಪ್ರತಿಫಲನದಿಂದ ಬೇರೆಯಾಗಿ ಕಾಣುತ್ತದೆ. ಕನೆಕ್ಟರ್‌ಗಳಂತೂ ಪ್ರತಿಫಲನ ತಗ್ಗಿಸುವ ಓರೆ ಮುಖದ ಎಪಿಸಿಯೇ ಇರಲಿ.

920 ಕಿ.ಮೀ. ದಾಟಲು ಬೆಳಕಿಗೆ ಸುಮಾರು 4.5 ಮಿಲಿಸೆಕೆಂಡ್ ಬೇಕು. ಈ ತಡದಿಂದಾಗಿ ನಾಯ್ಸ್ ಕಳೆಯುವ ಈ ಲೂಪಿನ ಬ್ಯಾಂಡ್‌ವಿಡ್ತ್ ಸುಮಾರು 55 ಹರ್ಟ್ಸ್‌ಗೆ ನಿಲ್ಲುತ್ತದೆ, ಅದಕ್ಕಿಂತ ವೇಗದ ನಾಯ್ಸ್ ಉಳಿಯುತ್ತದೆ. ದಾರಿಯನ್ನು ತುಂಡು ಮಾಡಿ ನಡುನಡುವೆ, ಬಂದ ಬೆಳಕನ್ನು ಅನುಸರಿಸಿ ಹೊಸದಾಗಿ ಕಳಿಸುವ ರಿಪೀಟರ್ ಲೇಸರ್ ಇಡುವುದು ಅದಕ್ಕೇ.

ಈಗ ಕೋಣೆಗೆ ಬನ್ನಿ. ಬೆಳಕನ್ನು ಪಾಲು ಮಾಡುವ ಸ್ಪ್ಲಿಟರ್‌ನಿಂದ ನಿಮ್ಮ ಉಪಕರಣದವರೆಗಿನ ತುಂಡು ಲೂಪಿನ ಹೊರಗಿದೆ, ಅಲ್ಲಿನ ನಾಯ್ಸನ್ನು ಯಾರೂ ಕಳೆಯುವುದಿಲ್ಲ. ಈಚೆ ತುದಿಯ ರೆಫರೆನ್ಸ್ ತೋಳೂ (ಬೀಟ್‌ಗಾಗಿ ಮೂಲ ಬೆಳಕನ್ನು ತರುವ ತುಂಡು) ಅಷ್ಟೇ. ತಾಪ ಒಂದು ಡಿಗ್ರಿ ಏರಿದರೆ ಒಂದು ಮೀಟರ್ ಫೈಬರ್‌ನ ವಿಳಂಬ ಸುಮಾರು 37 ಫೆಮ್ಟೊಸೆಕೆಂಡ್ ಹೆಚ್ಚುತ್ತದೆ. ಆ ಏರಿಕೆ ಒಂದು ಗಂಟೆಯಲ್ಲಿ ಆಯಿತೆನ್ನಿ: 37 ಫೆಮ್ಟೊಸೆಕೆಂಡನ್ನು 3600 ಸೆಕೆಂಡಿನಿಂದ ಭಾಗಿಸಿದರೆ ಫ್ರೀಕ್ವೆನ್ಸಿಯ ದೋಷ 10⁻¹⁷. ಇಡೀ 920 ಕಿ.ಮೀ. ಸರಿಪಡಿಸಿ ಗಳಿಸಿದ್ದನ್ನು ಎಸಿ ಗಾಳಿಗೆ ಬಿದ್ದ ಒಂದು ಪ್ಯಾಚ್‌ಕಾರ್ಡ್ (ಉಪಕರಣ ಜೋಡಿಸುವ ಚಿಕ್ಕ ಫೈಬರ್) ನುಂಗಿತು! ಆ ತುಂಡುಗಳನ್ನು ಸೆಂಟಿಮೀಟರ್‌ಗಳಿಗೆ ಇಳಿಸಿ, ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿಟ್ಟು ಫೋಮ್ ಸುತ್ತಿ. ಉದ್ದ ಉಳಿದ ಫೈಬರ್ ಸುರುಳಿಯನ್ನು ರ್‍ಯಾಕಿನ ಮೂಲೆಗೆ ತುರುಕುವ ಅಭ್ಯಾಸ ಇಲ್ಲಿ ಸಲ್ಲದು.

ಇನ್ನೊಂದು ಕಳ್ಳ, ಸೈಕಲ್ ಸ್ಲಿಪ್, ಎಂದರೆ ಬೀಟ್ ಎಣಿಕೆಯಲ್ಲಿ ಆವರ್ತ ತಪ್ಪುವುದು. ಈ ಬೆಳಕಿನ 194.4 ಟೆರಾಹರ್ಟ್ಸ್‌ನಲ್ಲಿ ಒಂದೇ ಸೈಕಲ್ ತಪ್ಪಿದರೂ 1000 ಸೆಕೆಂಡಿನ ಸರಾಸರಿಯಲ್ಲಿ 5×10⁻¹⁸ ದೋಷ ಉಳಿಯುತ್ತದೆ. ಬೀಟ್ ದುರ್ಬಲವಾದಾಗ ಇದು ಹೆಚ್ಚು. ರಿಪೀಟರ್ ಬಳಿ ಪೋಲರೈಸೇಶನ್ (ಬೆಳಕಿನ ಕಂಪನದ ದಿಕ್ಕು) ನಿಧಾನಕ್ಕೆ ತಿರುಗಿ ಬೀಟ್ ಕುಗ್ಗುತ್ತದೆ, ಅಲ್ಲಿ ಅದನ್ನು ಸರಿಪಡಿಸುವ ಮೋಟಾರು ಕಂಟ್ರೋಲರ್ ಬೇಕು. 100 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್‌ನಲ್ಲಿ ಸಿಗ್ನಲ್ ನಾಯ್ಸ್‌ಗಿಂತ 30 ಡೆಸಿಬೆಲ್ ಮೇಲಿರಲಿ. ಒಂದೇ ಬೀಟನ್ನು ಬೇರೆಬೇರೆ ಬ್ಯಾಂಡ್‌ವಿಡ್ತ್‌ನ ಎರಡು ಟ್ರ್ಯಾಕಿಂಗ್ ಆಸಿಲೇಟರ್‌ಗಳಿಗೆ (ಬೀಟನ್ನು ಹಿಂಬಾಲಿಸಿ ಅದರ ಶುದ್ಧ ಪ್ರತಿ ಕೊಡುವ ಸರ್ಕ್ಯೂಟ್) ಕೊಟ್ಟು ಎರಡನ್ನೂ ಎಣಿಸಿ, ಎರಡೂ ಎಣಿಕೆ ಹೊಂದದ ಸೆಕೆಂಡುಗಳನ್ನು ದತ್ತಾಂಶದಿಂದ ತೆಗೆದುಹಾಕಿ.